ಉಚ್ಚೀರಪ್ಪನ ಗುಂಡಿಗೆ

ಎದೆಗೆ ಬಿಲ್ಲೆ ಅಂಟಿಸಿಕೊಂಡವರು ಎಣ್ಣೆಸ್ನಾನ ಮಾಡಬಹುದೇ ಎಂಬ ಘನವಾದ ಪ್ರಶ್ನೆ ಆಂಧ್ರದ ಆಸ್ಪರಿ ಸೀಮೆಯ ಆ ಕನ್ನಡ ಊರನ್ನು ಪೂರ್ತಿ ಒಂದು ವಾರ ಕಾಡಿತು. ಕಟ್ಟೆಯ ಮೇಲೆ ಎರಡು ಪಕ್ಷಗಳಾದವು. ಮಾಡಬಹುದು, ಆದರೆ ಎದೆ ಉಜ್ಜಬಾರದು ಎಂದು ಕೊನೆಗೆ ತೀರ್ಮಾನವಾಯಿತು.

ಬಿಲ್ಲೆ ತಂದವಳು ಆಶಾ ಕಾರ್ಯಕರ್ತೆ ಶಿವಲೀಲಾ. ಅದು ಎದೆಬಡಿತ ಎಣಿಸಿ ಅವಳ ಫೋನಿಗೆ ಕಳಿಸುತ್ತಿತ್ತು. ದಿನಾ ಮುಂಜಾನೆ ಮನೆಯವರಿಗೂ ತಾನೇ ಕರೆ ಮಾಡಿ, ಯಾವ ಡಾಕ್ಟರೂ ತೋರದ ಮರ್ಯಾದೆಯಿಂದ, ತೆಲುಗಿನಲ್ಲಿ ವರದಿ ಒಪ್ಪಿಸುತ್ತಿತ್ತು.

ಕುರಿ ಕಾಯುವ ಉಚ್ಚೀರಪ್ಪನಿಗೆ ಮೊದಲು ಅಂಟಿಸಿದಳು. ಅಷ್ಟರಲ್ಲಿ ಮರಿಯೊಂದು ತಪ್ಪಿಸಿಕೊಂಡಿತೆಂದು ಅವನು ಓಡಿದ. ಫೋನು ಹೆಸರು ಕೇಳಿತು. ಮನೆಯವರ ದನಿಯೇ ಆಗಬೇಕೆಂಬುದು ನಿಯಮ. “ನೀನ ಹೇಳಕ್ಕ” ಎಂದು ಶಿವಲೀಲಾ ಅವನ ಹೆಂಡತಿ ಶಾಂತಕ್ಕನ ಕೈಗೆ ಫೋನು ಕೊಟ್ಟು ಎರಡನೆಯ ಬಿಲ್ಲೆ ಬಿಚ್ಚತೊಡಗಿದಳು. ನಲವತ್ತು ವರ್ಷ ಗಂಡನ ಹೆಸರನ್ನು ನಾಲಿಗೆಗೆ ತಾರದವಳು ಶಾಂತಕ್ಕ. ಫೋನು ಬಿಡಲಿಲ್ಲ. ಕಡೆಗೆ ಸೆರಗಿನ ಮರೆಯಲ್ಲಿ ತನ್ನ ಹೆಸರನ್ನೇ ಹೇಳಿದಳು. ಎರಡನೆಯ ಬಿಲ್ಲೆ ಅವಳ ಎದೆಗೇರಿದಾಗ, ಮರಿ ಹಿಡಿದು ಬಂದ ಉಚ್ಚೀರಪ್ಪ ಫೋನು ಕೇಳುವುದೇ ತಡ ತನ್ನ ಹೆಸರು ಕೂಗಿದ.

ಮೂರನೆಯ ದಿನದಿಂದ ಶಾಂತಕ್ಕನ ಹೆಸರಿಗೆ ಎಚ್ಚರಿಕೆ ಬರತೊಡಗಿತು.

“ಅಕ್ಕ, ಒಂದು ಕೊಡ ನೀರೂ ಎತ್ತಬ್ಯಾಡ. ಮಲಗು” ಎಂದಳು ಶಿವಲೀಲಾ.

“ನನಗೇನಾಗೈತಿ? ಕಲ್ಲಿನಂಗದೀನಿ.”

“ನನ್ನ ಕೂಡ ಬಾಳೇವು ಮಾಡಿ ಗುಂಡಿಗಿ ಬ್ಯಾಸತ್ತೈತಿ ಬಿಡಬೇ” ಎಂದು ನಕ್ಕ ಉಚ್ಚೀರಪ್ಪ, ನೀರು, ಕಟ್ಟಿಗೆ, ಕುರಿ ಎಲ್ಲವನ್ನೂ ತಾನೇ ಮೈಮೇಲೆ ಹಾಕಿಕೊಂಡ.

ಒಂದು ಮಧ್ಯಾಹ್ನ ಶಿವಲೀಲಾಳ ಫೋನು, ಶಾಂತಕ್ಕನ ಗುಂಡಿಗೆ ನಿಂತಿತು ಎಂದಿತು. ಅವಳು ಓಡಿದಳು. ಬಾಗಿಲು ತೆರೆದವಳು ಶಾಂತಕ್ಕ.

“ಯಾಕವ್ವ, ನಾಯಿ ಬೆನ್ನು ಹತ್ಯಾವೇನು?”

ಶಿವಲೀಲಾ ಉತ್ತರಿಸುವ ಮೊದಲೇ ನಾಲ್ಕು ಜನ ಉಚ್ಚೀರಪ್ಪನನ್ನು ಹೊತ್ತು ತಂದರು.

ಮಣ್ಣು ಮಾಡಿದ ಮರುದಿನ ಮುಂಜಾನೆ, ನೆಂಟರ ನಡುವೆ ಫೋನು ಮೊಳಗಿತು: “ಉಚ್ಚೀರಪ್ಪ ಗಾರೂ, ಮೀ ಗುಂಡೆ ಬಾಗುಂದಿ.” ನಿಮ್ಮ ಗುಂಡಿಗೆ ಚೆನ್ನಾಗಿದೆಯಂತೆ! ಅಳುತ್ತಿದ್ದವರು ಬಾಯಿ ಮುಚ್ಚಿದರು. ದೆವ್ವ ಒಳಗೆ ಬಾರದಿರಲೆಂದು ಮೈದುನ ವೆಂಕಟಪ್ಪ ಹೊಸ್ತಿಲಿಗೆ ಬೂದಿ ಸುರಿದ. ಮರುದಿನವೂ ಕರೆ ಬಂತು. ಮೂರನೆಯ ದಿನ ನೆಂಟರು ಊರು ಬಿಟ್ಟರು.

ಶಿವಲೀಲಾ ಮಾತ್ರ ಶಾಂತಕ್ಕನ ಎದುರು ಕೂತು ಫೋನು ನೋಡುತ್ತಿದ್ದಳು. ಶಾಂತಕ್ಕ ಅತ್ತರೆ ಸತ್ತವನ ಬಡಿತ ಏರುತ್ತಿತ್ತು. ಅವಳು ನೀರು ಕುಡಿದು ಸುಮ್ಮನಾದರೆ ಇಳಿಯುತ್ತಿತ್ತು.

“ಅಕ್ಕ, ಅವತ್ತು ಫೋನಿಗೆ ಯಾರ ಹೆಸರು ಹೇಳಿದಿ?”

ಶಾಂತಕ್ಕ ಹೇಳಿದಳು. ಬಿಲ್ಲೆಗಳ ಹೆಸರು ಅದಲುಬದಲಾದದ್ದನ್ನು ಶಿವಲೀಲಾ ಬಿಡಿಸಿ ಹೇಳಿದಳು, ಅದನ್ನು ನೋಡಿಕೊಳ್ಳಬೇಕಾದವಳು ತಾನೆಂಬುದನ್ನೂ ಸೇರಿಸಿ.

“ಅಂದ್ರ, ಮಲಗಬೇಕಾದವ್ರು ಅವ್ರು” ಎಂದಳು ಶಾಂತಕ್ಕ.

“ಈಗ ಸರಿ ಮಾಡ್ತೀನಕ್ಕ. ನಾಳೆಯಿಂದ ಅಣ್ಣನ ಹೆಸರು ಬರಂಗಿಲ್ಲ.”

“ಬ್ಯಾಡ.” ಶಾಂತಕ್ಕ ಎದೆಯ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿದಳು. “ನಾನಂತೂ ಕರೀಲಿಲ್ಲ. ಅದಾರ ಕರೀಲಿ.”

ಶಿವಲೀಲಾ ತಿದ್ದಲಿಲ್ಲ. ಅವಳ ಫೋನಿನ ಪಟ್ಟಿಯಲ್ಲಿ ಶಾಂತಕ್ಕ ತೀರಿಕೊಂಡಿದ್ದಾಳೆ, ಉಚ್ಚೀರಪ್ಪ ಇದ್ದಾನೆ.