ಒಂದೇ ತಂತಿಯ ದೀಪ

ಅತ್ತೆಯ ಪಾದಕ್ಕೆ ನಾಗಪ್ಪ ಬಂದಿದ್ದಾನೆಂಬ ಸುದ್ದಿ ಮಹಾದೇವಮ್ಮನಿಗೆ ಮನೆಯಲ್ಲಿ ತಿಳಿಯಲಿಲ್ಲ. ಶಾಲೆ ಬಿಟ್ಟು ಬರುವಾಗ ಓಣಿಯ ತಿರುವಿನಲ್ಲಿ ಪಕ್ಕದ ಮನೆಯ ಹಮೀದಾಬಿ ನಿಲ್ಲಿಸಿ ಹೇಳಿದಳು.

"ಟೀಚರಮ್ಮಾ, ನಿಮ್ಮ ಅತ್ತಿ ಕಾಲಾಗ ದೇವರು ಬಂದಾನಂತಲ್ರಿ? ಓಣಿ ತುಂಬ ಅದೇ ಮಾತು. ನನ್ನ ಆಡು ಮಾತ್ರ ನಿಮ್ಮ ಬೇವಿನ ಗಿಡದ ಹತ್ರ ಹೋಗವಲ್ದು ನೋಡ್ರಿ. ದಿನಾ ಸಂಜೀಗೆ ಉದುರಿದ ಎಲಿ ತಿಂದು ಬರ್ತಿತ್ತು. ಮೊನ್ನಿ ಚಂಗನೆ ಜಿಗಿದು ಓಡಿ ಬಂದಿದ್ದೇ ಬಂದಿದ್ದು, ಈಗ ಹಗ್ಗ ಹಿಡಿದು ಎಳದ್ರೂ ಒಲ್ಲೆ ಅಂತದ."

"ದೇವರಿಗೆ ಆಡು ಯಾಕ ಹೆದರ್ತದ, ಹಮೀದಾಬಿ?"

"ಅದನ್ನ ನೀವು ಹೇಳ್ರಿ. ಕಲ್ತವರು ನೀವು, ನಾನು ಆಡಿನಕಿ," ಎಂದು ಹಮೀದಾಬಿ ನಕ್ಕಳು.

ಮಹಾದೇವಮ್ಮ ನಗಲಿಲ್ಲ. ಅವಳು ಕಲಬುರ್ಗಿಯಲ್ಲಿ ಬಿ.ಎಸ್ಸಿ. ಓದಿ ವಾಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಗಂಡ ಸಂಗಣ್ಣ ವಾಡಿ ಜಂಕ್ಷನ್ನಿನಲ್ಲಿ ತಾರ್ ಬಾಬು, ಟೆಲಿಗ್ರಾಫ್ ಗುಮಾಸ್ತ. ಕಟ್ಟಕಡ ಎನ್ನುವ ತಂತಿಯ ಭಾಷೆಯಲ್ಲಿ ಹಗಲೆಲ್ಲ ಶಹಾಬಾದ, ಚಿತ್ತಾಪುರಗಳೊಂದಿಗೆ ಮಾತಾಡುವವನು. ರೈಲ್ವೆ ಕಾಲೊನಿಯ ಆಚೆ ಅವರು ಹೊಸದಾಗಿ ಮನೆ ಕಟ್ಟಿಕೊಂಡಿದ್ದರು. ಹಿತ್ತಲಲ್ಲಿ ಬೇವಿನ ಮರ, ಅದರ ಬುಡದಲ್ಲಿ ಶಹಾಬಾದಿ ಪರಸಿಯ ಚಪ್ಪಡಿಹಾಸು, ಹಾಸಿನ ಮೇಲೆ ಅತ್ತೆ ಗುಂಡಮ್ಮ ಪೂಜಿಸುವ ನಾಗಪ್ಪನ ಕಲ್ಲು, ಸುತ್ತ ಮಲ್ಲಿಗೆಯ ಮಡಿ. ಬೇಸಿಗೆಯಲ್ಲಿ ಮನೆಗೆ ಕರೆಂಟು ಬಂದಾಗ ಸಂಗಣ್ಣನಿಗೆ ಆ ಹಿತ್ತಲನ್ನು ಬೆಳಗಿಸುವ ಆಸೆ ಹುಟ್ಟಿತು.

"ಒಳಗಿನ ಕೆಲಸ ಮಾಡಿದ ವೈರ್‌ಮನ್‌ನನ್ನೇ ಕರೆಸೋಣ್ರಿ. ಹಿತ್ತಲದಾಗ ಮಳಿ, ನೀರು, ಮಣ್ಣು. ಒಳಗ ಹಾಕಿದಂಗ ಅಲ್ಲ ಅದು," ಎಂದಿದ್ದಳು ಮಹಾದೇವಮ್ಮ.

"ಮನ್ಯಾಗ ತಾರ್ ಬಾಬು ಇದ್ದಾಗ ಹೊರಗಿನ ವೈರ್‌ಮನ್ ಯಾಕ? ಊರು ನಗಬೇಕೇನು?" ಎಂದು ಅವನು ಒಂದು ರಜಾ ದಿನ ಏಣಿ ಹತ್ತಿ ತಾನೇ ಬೇವಿನ ಮರಕ್ಕೆ ದೀಪ ಹಾಕಿದ. ದೀಪ ಹತ್ತಿತು. ಓಣಿಯವರು ಬಂದು ನೋಡಿ ಹೋದರು. ಅಲ್ಲಿಗೆ ಮಾತು ಮುಗಿದಿತ್ತು.

ಮನೆಗೆ ಬಂದವಳೇ ಅತ್ತೆಯನ್ನು ಕೇಳಿದಳು. ಗುಂಡಮ್ಮನ ಮುಖ ಅರಳಿತು.

"ನೀರು ಹಾಕಿ ಪರಸಿ ಮ್ಯಾಲ ನಿಂತ್ರ ಸಾಕು ನೋಡವಾ, ಅಂಗಾಲಿನಿಂದ ಮೊಳಕಾಲಿನ ತನಕ ಜುಮ್ ಅಂತ ಹರೀತಾನ. ಕಲ್ಲಿಗೆ ಕೈ ಹಚ್ಚಿದ್ರ ಕೈಯಾಗೂ ಬರ್ತಾನ."

"ಮುಂಜಾನಿ ಪೂಜಿ ಮಾಡುವಾಗೂ ಬರ್ತದೇನ್ರಿ, ಅತ್ತಿ?"

"ಇಲ್ಲ. ಸಂಜೀಗೆ ದೀಪ ಹಚ್ಚಿದ ಮ್ಯಾಲೇ ಬರ್ತಾನ. ಹೊತ್ತು ಗೊತ್ತು ಅದ ಅವನಿಗೆ."

ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಮಹಾದೇವಮ್ಮನ ಮನಸ್ಸಿಗೆ ಸಮಾಧಾನವಿರಲಿಲ್ಲ. ಮರುದಿನ ಬೆಳಿಗ್ಗೆ ಹಸಿ ಪರಸಿಯ ಮೇಲೆ ಬರಿಗಾಲಲ್ಲಿ ನಿಂತಳು. ಕಲ್ಲು ತಣ್ಣಗಿತ್ತು, ಅಷ್ಟೆ. ಸಂಜೆ ದೀಪ ಹತ್ತಿದ ಮೇಲೆ ಹೆಬ್ಬೆರಳಿನ ತುದಿಯನ್ನಷ್ಟೇ ತಾಗಿಸಿದಳು. ಇರುವೆಗಳ ಸಾಲೊಂದು ಚರ್ಮದ ಒಳಗಿನಿಂದ ಓಡಿದಂತಾಯಿತು.

ತಲೆಯೆತ್ತಿ ತಂತಿ ಎಣಿಸಿದಳು. ಮನೆಯ ಗೋಡೆಯಿಂದ ಮರಕ್ಕೆ ಬಂದದ್ದು ಒಂದೇ ತಂತಿ. ದೀಪದಿಂದ ಹೊರಟ ಇನ್ನೊಂದು ತಂತಿ ಮನೆಗೆ ಮರಳುವ ಬದಲು ಮರದ ಬೊಡ್ಡೆಗುಂಟ ಇಳಿದು, ನಾಗಪ್ಪನ ಕಲ್ಲಿನ ಹಿಂದೆ ಹುಗಿದಿದ್ದ ಕಬ್ಬಿಣದ ಗೂಟಕ್ಕೆ ಸುತ್ತಿಕೊಂಡಿತ್ತು.

ಅಷ್ಟರಲ್ಲಿ ಸಂಗಣ್ಣ ಡ್ಯೂಟಿ ಮುಗಿಸಿ ಬಂದ. ಬೂಟನ್ನೂ ಬಿಚ್ಚದೆ ಕೊಡ ಎತ್ತಿಕೊಂಡು ನೇರ ಹಿತ್ತಲಿಗೆ ನಡೆದು ಗೂಟದ ಬುಡಕ್ಕೆ ನೀರು ಸುರಿದ. ಮದುವೆಯಾದಾಗಿನಿಂದ ಒಂದು ಗಿಡಕ್ಕೂ ನೀರು ಹಾಕದ ಮನುಷ್ಯ! ನೀರು ಇಂಗುತ್ತಿದ್ದಂತೆ ಮಂಕಾಗಿದ್ದ ದೀಪ ನಿಧಾನವಾಗಿ ಬೆಳ್ಳಗಾಯಿತು. ಇದು ಇವನಿಗೆ ಗೊತ್ತಿದ್ದೇ ನಡೆದಿದೆ ಎಂದುಕೊಂಡಳು ಮಹಾದೇವಮ್ಮ. ಎಷ್ಟು ಗೊತ್ತು ಎಂಬುದೇ ತಿಳಿಯಲಿಲ್ಲ.

"ಒಂದೇ ತಂತಿ ಹಾಕೀರಿ."

"ಹೌದು. ಶಹಾಬಾದಿಗೆ ತಾರು ಕಳಸ್ತೀನಲ್ಲ, ಎಷ್ಟು ತಂತಿ ಮ್ಯಾಲ ಹೋಗ್ತದ? ಒಂದೇ. ತಿರುಗಿ ಬರೂದೆಲ್ಲ ಭೂಮ್ಯಾಗಿಂದ. ಭೂಮಿ ಒಣಗಿದ್ರ ಸ್ಟೇಷನ್ನಿನಾಗೂ ತಂತಿ ಹುಗಿದ ತಗ್ಗಿಗೆ ನೀರು ಹಾಕ್ತೀವಿ. ಇಷ್ಟು ವರ್ಷ ಯಾರು ಸತ್ತಾರ?"

"ಅಲ್ಲಿ ಇರೂದು ಬ್ಯಾಟರಿ ರೀ. ಗುಂಡಿ ಒತ್ತಿದಾಗ ಎಳಿಯಷ್ಟು ಹರೀತದ. ಇದು ಮನಿ ಲೈನು. ಮ್ಯಾಲ ನಮ್ಮ ಹಿತ್ತಲದಾಗ ಮಣ್ಣೇ ಇಲ್ಲ, ಎರಡು ಮೊಳ ತೋಡಿದ್ರ ಬಂಡಿಗಲ್ಲು ಹತ್ತತದ. ಒಳಗ ಇಳೀಲಿಕ್ಕೆ ದಾರಿ ಇಲ್ದೆ ಪರಸಿಗುಂಟ ಹರೀಲಿಕತ್ತದ. ಅತ್ತಿ ಕಾಲಿಗೆ ಬರೂದು ಅದೇ."

ಸಂಗಣ್ಣ ಪರಸಿಯ ಮೇಲೆ ಬೂಟುಗಾಲಿಟ್ಟು ನಿಂತ. "ಎಲ್ಲಿ? ನನಗೇನೂ ಇಲ್ಲ." ಆಮೇಲೆ ಅವಳನ್ನು ಓರೆಗಣ್ಣಿನಿಂದ ನೋಡಿದ. "ನಾ ಹಾಕಿದ ದೀಪ ಊರೇ ಹೊಗಳ್ತದ, ಅದಕ್ಕ ನಿನಗ ಸಂಕಟ ಆಗ್ಯಾದ. ಬಿ.ಎಸ್ಸಿ. ಮಾಡಿದಕಿ ನೀನು, ಮೆಟ್ರಿಕ್ ಆದವನು ನಾನು. ಹೌದಲ್ಲ?"

ಉತ್ತರ ಕೊಟ್ಟರೆ ಆ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆಂದು ಅವಳು ಒಳಗೆ ನಡೆದಳು. ಅತ್ತೆಗೆ ಹೇಳಿನೋಡಿದಳು. "ದೇವರು ಮನಿಗೆ ಬಂದ್ರೂ ನಿನಗ ಲೆಕ್ಕ ಬೇಕು," ಎಂದ ಗುಂಡಮ್ಮ ಅಂದಿನಿಂದ ಸೊಸೆ ಹಿತ್ತಲಿಗೆ ಹೋದರೆ ಹಿಂದೆಯೇ ಬಂದು ನಿಲ್ಲತೊಡಗಿದಳು, ನಾಗಪ್ಪನಿಗೆ ಏನು ಮಾಡಿಬಿಡುತ್ತಾಳೋ ಎಂಬಂತೆ.

ಪಂಚಮಿ ಹತ್ತಿರ ಬಂತು. ಹಾಲೆರೆಯುವುದು ಎಲ್ಲ ಕಡೆ ಬೆಳಗಿನ ಕೆಲಸ. ಈ ಸಲ ಗುಂಡಮ್ಮ ಓಣಿಯ ಹೆಣ್ಣುಮಕ್ಕಳಿಗೆ ಸಂಜೆಗೆ ಬರಹೇಳಿದಳು, ನಾಗಪ್ಪ ಬರುವ ಹೊತ್ತಿಗೆ. ಅವರ ಮುಂದೆ ಹಿತ್ತಲು ಝಗಝಗಿಸಲೆಂದು ಸಂಗಣ್ಣ ಮಲ್ಲಿಗೆಯ ಮಡಿಯ ಗುಂಟ ಇನ್ನೂ ಮೂರು ದೀಪ ಕಟ್ಟಿ, ಎಲ್ಲದರ ತುದಿಯನ್ನೂ ಅದೇ ಗೂಟಕ್ಕೆ ಸುತ್ತಿದ.

ಮಹಾದೇವಮ್ಮ ಲೆಕ್ಕ ಹಾಕಿದಳು. ಒಂದು ದೀಪದ ಕರೆಂಟು ಹರಿದರೇ ಪಾದ ಜುಮ್ಮೆನ್ನುತ್ತದೆ. ನಾಲ್ಕು ದೀಪಗಳದ್ದು ಒಂದೇ ಗೂಟಕ್ಕೆ ಬಂದರೆ? ಹಾಲಿನಲ್ಲಿ ತೊಯ್ದ ಕಲ್ಲು, ಬರಿಗಾಲು, ಕೈಯಲ್ಲಿ ಹಿತ್ತಾಳೆಯ ತಂಬಿಗೆ. ತಂಬಿಗೆ ಆ ಗೂಟಕ್ಕೆ ತಾಗಿದರೆ ಹಿಡಿದ ಕೈ ಬಿಡಲಾಗುವುದಿಲ್ಲ. ಎಲ್ಲರಿಗಿಂತ ಮೊದಲು ಎರೆಯುವವಳು ಅತ್ತೆ.

ಪಂಚಮಿಯ ಸಂಜೆ ಹೆಂಗಸರು ಮುಂಬಾಗಿಲಲ್ಲಿ ನೆರೆದಿದ್ದಾಗ ಸಂಗಣ್ಣ ಬಂದು ಸ್ವಿಚ್ಚು ಒತ್ತಿದ. ಒಂದು ದೀಪವೂ ಹತ್ತಲಿಲ್ಲ. ಪಡಸಾಲೆಯ ಮೀಟರಿನ ಹತ್ತಿರ ಹೆಂಡತಿ ಮುಷ್ಟಿ ಬಿಗಿಹಿಡಿದು ನಿಂತಿದ್ದಳು.

"ಫ್ಯೂಜ್ ತಗದೀಯೇನು? ಕೊಡ ಇಲ್ಲಿ! ಮಂದಿ ಮುಂದ ಮಾನ ಕಳೀಬ್ಯಾಡ."

"ಕೊಡ್ತೀನ್ರಿ. ಮೊದಲು ಬೂಟು ಬಿಚ್ಚಿ ಪರಸಿ ಮ್ಯಾಲ ನಿಂದ್ರಿ. ಮೂರು ಬಲ್ಬು ನಾನೇ ತಗದೀನಿ, ಒಂದೇ ಹತ್ತತದ. ನಿಮ್ಮ ಅವ್ವ ದಿನಾ ಎಷ್ಟು ತಗೋತಾರೋ ಅಷ್ಟೇ ನಿಮಗೂ."

ಹೊರಗೆ ಹೆಂಗಸರ ಮಾತು ಕೇಳಿಸುತ್ತಿತ್ತು. ಸಂಗಣ್ಣ ಸಿಟ್ಟಿನಿಂದ ಬೂಟು ಕಿತ್ತೆಸೆದು ಹಿತ್ತಲಿಗೆ ಹೋಗಿ ಹಸಿ ಪರಸಿಯ ಮೇಲೆ ನಿಂತ. ಅವಳು ಫ್ಯೂಜ್ ಒತ್ತಿದಳು. ದೀಪ ಹತ್ತಿತು, ಸಂಗಣ್ಣ ಎಗರಿ ಮಲ್ಲಿಗೆಯ ಮಡಿಯೊಳಗೆ ಬಿದ್ದ.

"ತಗಿ," ಎಂದ. ಅವಳು ತೆಗೆದಳು.

ಗುಂಡಮ್ಮ ಹೆಂಗಸರೊಂದಿಗೆ ಹಿತ್ತಲಿಗೆ ಬಂದಾಗ ಮಗ ಮೈಗೆ ಮೆತ್ತಿದ ಮಣ್ಣು ಕೊಡವುತ್ತಿದ್ದ. "ಕರೆಂಟು ಹೋಗ್ಯಾದವ್ವ," ಎಂದ ಅವನು ಯಾರ ಮುಖವನ್ನೂ ನೋಡದೆ. "ಕಂದೀಲು ತರ್ತೀನಿ, ಅದರ ಬೆಳಕಿನಾಗ ಎರೀರಿ."

ಗುಂಡಮ್ಮನ ಕಣ್ಣು ಮಗನನ್ನು ದಾಟಿ ಸೊಸೆಯ ಮುಷ್ಟಿಯ ಮೇಲೆ ನಿಂತಿತು. "ಓಣಿ ತುಂಬ ಲೈಟ್ ಅದ, ನಮ್ಮನಿದಷ್ಟೇ ಹ್ಯಾಂಗ ಹೋಯ್ತು? ನಿನ್ನ ಕೈಯಾಗ ಏನದ?"

ಮಹಾದೇವಮ್ಮ ಮುಷ್ಟಿ ಬಿಚ್ಚಿ ಬಿಳಿಯ ಪಿಂಗಾಣಿ ಫ್ಯೂಜನ್ನು ತೋರಿಸಿದಳು. ಹೆಂಗಸರಲ್ಲಿ ಗುಸುಗುಸು ಎದ್ದಿತು. "ಪಂಚಮಿ ದಿನಾನೇ ದೇವರನ್ನ ಹೊರಗ ಹಾಕಿದಳಲ್ಲ," ಎಂದಳೊಬ್ಬಳು. ಮಹಾದೇವಮ್ಮ ಗಂಡನ ಕಡೆ ನೋಡಿದಳು. ಅವನು ಸುಮ್ಮನಿದ್ದರೆ ಈ ಮಾತು ತಾನು ಸಾಯುವತನಕ ತನ್ನ ಹಿಂದೆ ಬರುತ್ತದೆ. ಅವನು ಸುಮ್ಮನೇ ಇರುತ್ತಾನೆ ಎಂದೇ ಅವಳಿಗೆ ಅನಿಸಿತ್ತು.

"ಅವ್ವಾ," ಎಂದ ಸಂಗಣ್ಣ ತಡವರಿಸುತ್ತ. "ನಿನ್ನ ಕಾಲಿಗೆ ಬರ್ತಿದ್ದದ್ದು ಕರೆಂಟು. ನಾ ತಂತಿ ಹಾಕಿದ್ದೇ ತಪ್ಪಾಗ್ಯಾದ."

"ಇದು ಹೆಂಡ್ತಿ ಕಲಿಸಿದ ಮಾತು. ಖರೇನೇ ಇದ್ರ ಅಕಿನೇ ಮೊದಲು ನಿಂದ್ರಲಿ."

ಮಹಾದೇವಮ್ಮ ಚಪ್ಪಲಿ ಬಿಟ್ಟಳು. ಫ್ಯೂಜ್ ಕೈಯಲ್ಲೇ ಇತ್ತು, ದೀಪಗಳು ಕಪ್ಪಗಿದ್ದವು, ಹೆದರಲು ಕಾರಣವಿರಲಿಲ್ಲ. ಆದರೂ ಕಾಲಿಡುವ ಮೊದಲು ಅವಳ ಕಣ್ಣು ಒಮ್ಮೆ ಗಂಡನ ಕೈಗಳ ಕಡೆ ಹೋಯಿತು, ಅಲ್ಲಿ ಬೇರೆ ತಂತಿಯೇನಾದರೂ ಇದೆಯೋ ಎಂಬಂತೆ. ಅದನ್ನು ಅವನೂ ಕಂಡ. ಅವಳು ಹಸಿ ಪರಸಿಯ ಮೇಲೆ ನಿಂತು ನಾಗಪ್ಪನ ಕಲ್ಲಿಗೆ ಕೈ ಹಚ್ಚಿದಳು. ಏನೂ ಆಗಲಿಲ್ಲ.

ಗುಂಡಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ತಾನು ಹತ್ತಿ ನಿಂತಳು. ಒಂದು ಪಾದ ಒತ್ತಿದಳು, ಇನ್ನೊಂದನ್ನು ಒತ್ತಿದಳು. ಕಲ್ಲಿಗೆ ಅಂಗೈ ಆನಿಸಿ ಬಹಳ ಹೊತ್ತು ಕಾದಳು. ಕೊನೆಗೆ ಗುಂಡಮ್ಮ ತಂಬಿಗೆಯ ಹಾಲನ್ನು ಕಲ್ಲಿನ ಮೇಲೆ ಸುರಿದು ಕೆಳಗಿಳಿದಳು.

"ಇದು ನಿನಗ ಮೊದಲೇ ಗೊತ್ತಿತ್ತೇನು, ಸಂಗಾ?"

"ಇಲ್ಲವ್ವ."

"ನಿನಗ?" ಎಂದು ಸೊಸೆಯ ಕಡೆ ತಿರುಗಿದಳು.

"ಹೇಳಿದ್ದೆ ಅತ್ತಿ. ನೀವು ಕೇಳಲಿಲ್ಲ."

ಗುಂಡಮ್ಮ ಇಬ್ಬರನ್ನೂ ತಿರುತಿರುಗಿ ನೋಡಿದಳು. ಯಾರ ಮಾತನ್ನು ನಂಬಿದಳೋ ಅವಳ ಮುಖ ಹೇಳಲಿಲ್ಲ. ಸೊಸೆಯ ಕೈಯಿಂದ ಫ್ಯೂಜ್ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ವೈರ್‌ಮನ್ ಬರೋತನಕ ಇದು ನನ್ನ ಹತ್ರಾನೇ ಇರ್ಲಿ. ನಿಮ್ಮಿಬ್ಬರ ಕೈಯಾಗೂ ಬ್ಯಾಡ," ಎಂದು, ಮುಂದಿನ ಹೆಂಗಸಿಗೆ ಹಾಲೆರೆಯಲು ದಾರಿ ಬಿಟ್ಟಳು.