ಕೈಗುಣ

ಎಡಗೈ ಮೇಲಕ್ಕೆತ್ತಿಕೊಂಡೇ ಅವಳು ಎರಡು ದಿನ ಸ್ನಾನ ಮಾಡಿದ್ದಾಯಿತು. ಡಾಕ್ಟರ್ ಮೊಣಕೈ ಕೆಳಗೆ ಬರೀ ಸೂಜಿ ಚುಚ್ಚಿ, ಸುತ್ತ ನೀಲಿ ಪೆನ್ನಿನಲ್ಲಿ ಒಂದು ಸೊನ್ನೆ ಬರೆದು, "ನಲವತ್ತೆಂಟು ಗಂಟೆ ಬಿಟ್ಟು ಬನ್ನಿ, ಉಜ್ಜಬೇಡಿ" ಎಂದಿದ್ದರು. ಮದ್ದಿಲ್ಲ, ಮಣ್ಣಿಲ್ಲ, ಖಾಲಿ ಸೂಜಿ. ಈಗ ಸೊನ್ನೆಯ ನಡುವೆ ಕೀವಿನ ಪುಟ್ಟ ಗುಳ್ಳೆಯೊಂದು ತಲೆಯೆತ್ತಿ ಕೂತಿತ್ತು.

"ಬೇರೆಯವರಿಗೆ ಮಾರನೇ ದಿನ ಗುರುತೂ ಇರಲ್ಲ," ಡಾಕ್ಟರ್ ಕನ್ನಡಕ ಏರಿಸಿ ನೋಡಿದರು. "ನಿಮ್ಮ ಮೈ ಇಷ್ಟಕ್ಕೇ ದೊಡ್ಡ ಜಗಳ ಮಾಡ್ಕೊಂಡಿದೆ. ಬಾಯಿಹುಣ್ಣು, ಕಣ್ಣು ಕೆಂಪಾಗೋದು, ಈಗ ಇದು. ಬೆಹ್ಚೆಟ್ ಕಾಯಿಲೆ ಅಂತಾರೆ."

"ರಕ್ತದಲ್ಲಿ?"

"ಉರಿಯೂತದ ಅಂಕಿ ಜಾಸ್ತಿ ಇದೆ. ಅದು ಬೇರೆ ಎಷ್ಟೋ ಕಾರಣಕ್ಕೂ ಏರುತ್ತೆ. ವಂಶವಾಹಿ ಪರೀಕ್ಷೇಲಿ, ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣೋ ಬಿ-51 ಇದೆ ಅಂತ ಬಂದಿದೆ."

"ಅಂದ್ರೆ ಅಪ್ಪನಿಂದ ಬಂದಿದ್ದು."

"ಅಪ್ಪನಿಂದಲೋ ಅಮ್ಮನಿಂದಲೋ. ಅದಿದ್ದೂ ಆರೋಗ್ಯವಾಗಿರೋರು ಬೇಕಾದಷ್ಟು ಜನ. ಇಲ್ಲದೇ ಕಾಯಿಲೆ ಬಂದೋರೂ ಇದಾರೆ. ಅದೊಂದರಿಂದ ಏನೂ ಸಾಬೀತಾಗಲ್ಲ."

ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ, ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿಟ್ಟು ಮೊಳೆತದ್ದನ್ನು ಎಣಿಸಿ ಬರೆಯುವುದೇ ಅವಳ ಕೆಲಸ. ಉಳಿದವು ಯಾಕೆ ಮೊಳೆಯಲಿಲ್ಲ ಎಂದು ಬರೆಯಲು ಆ ಫಾರಮ್ಮಿನಲ್ಲಿ ಜಾಗವಿಲ್ಲ. ಆದರೂ ಇವತ್ತು ಅವಳಿಗೆ ಸಾಬೀತು ಬೇಕಿತ್ತು. ತನಗಲ್ಲ, ಅಮ್ಮನಿಗೆ.

ಮೂವತ್ತು ವರ್ಷ ಅಪ್ಪನ ಬಾಯಿ ಹುಣ್ಣಾದದ್ದು ಅಮ್ಮ ಹಾಕಿದ ಖಾರದಿಂದ. ಎಡಗಣ್ಣು ಮಂಜಾದದ್ದು ಅಮ್ಮನ ಒಲೆಯ ಹೊಗೆಯಿಂದ. ಗಡಿಯಾರ ರಿಪೇರಿಯ ಅಪ್ಪ ಬಂದ ಗಿರಾಕಿಗೆಲ್ಲ ಹೇಳುತ್ತಿದ್ದ: "ಏನ್ಮಾಡೋದು, ನಮ್ಮೋಳ ಕೈಗುಣ." ಗಿರಾಕಿಗಳು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಕ್ರಮೇಣ ಅಡುಗೆಮನೆಯಿಂದ ಮೆಣಸಿನಕಾಯಿಯೇ ಮಾಯವಾಯಿತು. ಹುಣ್ಣು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ, ಆ ಮಾತೂ ಹೋಗಲಿಲ್ಲ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಗುಳ್ಳೆ ನೋಡಿ ಮೆಲ್ಲಗೆ ಸರಿದು ಕೂತಳು. ಇವಳು ಅಂಗಿಯ ತೋಳು ಇಳಿಸಲಿಲ್ಲ. ಜಾಗ ಸಿಕ್ಕಿತಲ್ಲ ಎಂದು ಕಾಲು ಚಾಚಿದಳು.

ಮನೆಯಲ್ಲಿ ಅಪ್ಪ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಅಮ್ಮ ಸೌಟು ಹಿಡಿದು ನಿಂತಿದ್ದಳು. ಮಗಳು ಕೈ ತೊಳೆದು ಬಂದು ಕೂತ ಕೂಡಲೇ ಅಂದಳು:

"ಅಪ್ಪ, ನೀವೊಂದ್ಸಲ ರಕ್ತ ಕೊಡಬೇಕು."

"ಯಾಕೆ?"

"ನನ್ನ ರಕ್ತದಲ್ಲಿರೋದು ನಿಮ್ಮದರಲ್ಲೂ ಇದೆಯಾ ನೋಡೋಕೆ. ನಿಮ್ಮ ಹುಣ್ಣು, ನಿಮ್ಮ ಕಣ್ಣು, ಎಲ್ಲ ಒಂದೇ ಕಾಯಿಲೆ ಇರಬೇಕು. ಅಮ್ಮನ ಖಾರ ಅಲ್ಲ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ," ಅಪ್ಪ ತಟ್ಟೆ ನೋಡುತ್ತ ಅಂದ. "ಚಿಕ್ಕೋಳಿಂದ್ಲೂ ನಿಂದು ಇದೇ ಹಟ."

"ನಾನೂ ಅದನ್ನೇ ಹೇಳ್ತಿರೋದು. ಹುಟ್ಟುಗುಣ. ಕೈಗುಣ ಅಲ್ಲ."

"ನಡೀತಿರೋ ಗಡಿಯಾರನ ಬಿಚ್ಚಬಾರದಮ್ಮ."

"ರಕ್ತ ಬೇಡ, ಬಿಡಿ. ಅಮ್ಮನ ತಪ್ಪಲ್ಲ ಅಂತ ಒಂದು ಮಾತು ಹೇಳಿ ಸಾಕು."

ಅವಳು ತೋಳನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಅಪ್ಪ ಒಳ್ಳೆಯ ಕಣ್ಣನ್ನು ಕಿರಿದುಮಾಡಿ ಆ ನೀಲಿ ಸೊನ್ನೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ತುತ್ತು ಬಾಯಿಗಿಟ್ಟು ಮುಖ ಹಿಂಡಿದ.

"ಖಾರ."

"ಇವತ್ತು ಸ್ವಲ್ಪ ಜಾಸ್ತಿ ಆಯ್ತೇನೋ ರೀ," ಅಂದಳು ಅಮ್ಮ.

ತರಕಾರಿಗೆ ಬರೀ ಉಪ್ಪು ಹಾಕಿ ಬೇಯಿಸಿದವಳೂ ಅವಳೇ. ಮಗಳಿಗೆ ಅಪ್ಪನಿಗಿಂತ ಅಮ್ಮನ ಮೇಲೆ ಸಿಟ್ಟು ಉಕ್ಕಿತು. ಅಪ್ಪನ ತಟ್ಟೆಯನ್ನೇ ಎಳೆದುಕೊಂಡಳು. "ಎಲ್ಲಿದೆ ಖಾರ? ಎಲ್ಲಿ?" ಎಂದು ದೊಡ್ಡ ತುತ್ತು ಮಾಡಿ ಬಾಯಿಗೆ ತುರುಕಿಕೊಂಡಳು.

ನಾಲಗೆಯ ಅಂಚಿನ ಹುಣ್ಣಿಗೆ ಬೆಂಕಿ ತಗುಲಿತು. ಕಣ್ಣಲ್ಲಿ ನೀರು ಬಂತು. ಅಪ್ಪ ಮೂವತ್ತು ವರ್ಷವೂ ಸುಳ್ಳು ಹೇಳಿರಲಿಲ್ಲ. 'ಖಾರ' ಎಂಬ ಅದೇ ಮಾತು ಅವಳ ನಾಲಗೆಯ ತುದಿಗೂ ಬಂದು ನಿಂತಿತು.

"ಏನಾಯ್ತೇ?" ಅಮ್ಮ ಕೇಳಿದಳು.

ಮಗಳು ಆ ಮಾತನ್ನು ತುತ್ತಿನ ಜೊತೆಗೇ ನುಂಗಿದಳು. "ಸಪ್ಪೆ," ಅಂದಳು. ಉಪ್ಪಿನ ಬಟ್ಟಲಿಗೆ ಕೈ ಹಾಕಿ ಒಂದು ಚಿಟಿಕೆ ಉದುರಿಸಿಕೊಂಡು ಮತ್ತೊಂದು ತುತ್ತು ತಿಂದಳು.

ಅವಳ ಬಾಯಿ ಉರಿದದ್ದು ಅಪ್ಪನಿಗೆ ತಿಳಿಯಿತು. ತಿಳಿದದ್ದು ಅವನ ಒಂದೇ ಕಣ್ಣಲ್ಲಿ ಕಂಡಿತು. ತನ್ನ ನೀರಿನ ಲೋಟವನ್ನು ಅವಳತ್ತ ಸರಿಸಿದ. ಅವಳು ಮುಟ್ಟಲಿಲ್ಲ. ನೀರಲ್ಲ, ಅವಳಿಗೆ ಮಾತು ಬೇಕಿತ್ತು. ಉರಿಯುವ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತ ಕೂತಳು.

ಅಮ್ಮ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು. ಮತ್ತೊಮ್ಮೆ ನೆಕ್ಕಿದಳು. ಖಾರ ಎಲ್ಲೂ ಇರಲಿಲ್ಲ. ಆಮೇಲೆ ಸೌಟು ಕೆಳಗಿಟ್ಟು, ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಳು.