ಹರಳುಗಟ್ಟದ ಎಣ್ಣೆ

ಯುರೇಕಾ ಊರಿನ ಬಂದರಿನ ಕಡೆಯಿಂದ ಬಂದ ಮಂಜು ಇನ್ನೂ ಕರಗಿರಲಿಲ್ಲ. ಮೊರೀನ್ ಹ್ಯಾಸ್ಕೆಲ್ ಪ್ರಯೋಗಶಾಲೆಯ ಕಿಟಕಿಯ ಬಳಿ ನಿಂತು, ಲೈಸೆನ್ಸ್ ಪಡೆದು ಗಾಂಜಾ ಮಾರುವ ಅಂಗಡಿಗಳಿಂದ ವಾಪಸು ಬಂದ ಕಾರ್ಟ್ರಿಜ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ವೇಪ್ ಎಂಬ ಸೇದುವ ಯಂತ್ರಕ್ಕೆ ಸಿಕ್ಕಿಸುವ, ಕಿರುಬೆರಳಿನಷ್ಟು ಗಾಜಿನ ಕೊಳವೆ. ಒಳಗೆ ತಿಳಿಯಾದ ಗಾಂಜಾ ಎಣ್ಣೆ ಇರಬೇಕಿತ್ತು. ಈಗ ಚಳಿಗಾಲದ ಜೇನಿನಂತೆ ತಳದಲ್ಲಿ ಬೆಳ್ಳಗೆ ಹರಳುಗಟ್ಟಿತ್ತು. ಹರಳು ಕಟ್ಟಿದರೆ ಎಣ್ಣೆ ಬತ್ತಿಗೆ ಇಳಿಯುವುದಿಲ್ಲ. ಎಳೆದವರ ಬಾಯಿಗೆ ಸುಟ್ಟ ಹತ್ತಿಯ ರುಚಿ ಬರುತ್ತದೆ.

"ಮತ್ತೆ ಅದೇ ಗೋಳಾ?" ಮಾಲೀಕ ಕರ್ಟಿಸ್ ವೇಲ್ ಬಾಗಿಲಲ್ಲೇ ನಿಂತು ಕೇಳಿದ.

"ಅದೇ. ಈ ಸಲ ಅರ್ಧಕ್ಕರ್ಧ."

"ನಿನ್ನ ಮೂಗಿಗೆ ಇಡೀ ಹಂಬೋಲ್ಟ್ ಜಿಲ್ಲೇಲೇ ಸಾಟಿ ಇಲ್ಲ ಅಂತ ನಾನು ಎಲ್ಲರ ಹತ್ರ ಕೊಚ್ಚಿಕೊಂಡು ಬರ್ತೀನಿ. ನೀನು ನೋಡಿದ್ರೆ ನನಗೆ ಸಕ್ಕರೆ ಮಿಠಾಯಿ ಮಾಡಿ ಕೊಡ್ತಿದೀಯ."

ಮೊರೀನ್ ನಗಲಿಲ್ಲ. ಗಿಡದಿಂದ ಸತ್ವ ತೆಗೆಯುವಾಗ ಹಾರಿಹೋಗುವ ಪರಿಮಳವನ್ನು ಹಿಡಿದಿಟ್ಟು, ಕೊನೆಯಲ್ಲಿ ಅದನ್ನೇ ಎಣ್ಣೆಗೆ ಹದವಾಗಿ ಬೆರೆಸುವುದು ಅವಳ ಕೆಲಸ. ಪರಿಮಳ ಕಡಿಮೆಯಾದರೆ ಎಣ್ಣೆ ಗಟ್ಟಿಯಾಗುತ್ತದೆ, ಹೆಚ್ಚಾದರೆ ಗಂಟಲು ಉರಿಯುತ್ತದೆ. ಕಾಯಿಸಿ ಕರಗಿಸೋಣವೆಂದರೆ ರುಚಿ ಸಾಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳೊಂದು ಒಳಗೆ ಉಳಿದರೂ ಸಾಕು, ಮಿಕ್ಕಿದ್ದೆಲ್ಲ ಅದನ್ನು ನೋಡಿ ಕಲಿತಂತೆ ಹರಳಾಗುತ್ತದೆ. ಬೇಸಿಗೆಯುದ್ದಕ್ಕೂ ಅವಳು ಈ ಹದಕ್ಕಾಗಿ ಒದ್ದಾಡಿದ್ದಳು.

ಕರ್ಟಿಸ್ ಒಂದು ಬಿಳಿ ಕ್ಯಾನನ್ನು ಮೇಜಿನ ಮೇಲಿಟ್ಟ. "ಇದನ್ನ ಸ್ವಲ್ಪ ಬೆರೆಸಿದ್ರೆ ಹರಳೂ ಕಟ್ಟಲ್ಲ, ಪರಿಮಳಾನೂ ಹೋಗಲ್ಲ. ದಕ್ಷಿಣದ ಕಡೆ ಕಂಪನಿಯವರೆಲ್ಲ ಇದನ್ನೇ ಹಾಕ್ತಾರಂತೆ."

ಮೊರೀನ್ ಮುಚ್ಚಳ ತೆಗೆದು ಮೂಸಿದಳು. ಯಾವ ವಾಸನೆಯೂ ಇಲ್ಲ. ಅದೇ ಅವಳಿಗೆ ಹಿಡಿಸಲಿಲ್ಲ.

"ಇದ್ರಲ್ಲಿ ಏನಿದೆ?"

"ಅದು ಇದನ್ನ ಮಾರೋರ ಗುಟ್ಟು. ತಿನ್ನೋಕೆ ಏನೂ ತೊಂದ್ರೆ ಇಲ್ಲ ಅಂತ ಬರೆದುಕೊಟ್ಟಿದಾರೆ."

"ಇದನ್ನ ಯಾರೂ ತಿನ್ನಲ್ಲ ಕರ್ಟಿಸ್, ಉಸಿರಲ್ಲಿ ಎಳ್ಕೋತಾರೆ."

"ಸರ್ಕಾರಿ ಪರೀಕ್ಷೆ ಇದೆಯಲ್ಲ? ಅವರು ಪಾಸ್ ಮಾಡಿದ ಮೇಲೆ ನಿಂದೇನು ತಕರಾರು?"

ಪರೀಕ್ಷೆಯವರು ಹುಡುಕುವ ಪಟ್ಟಿಯಲ್ಲಿ ಇಲ್ಲದ್ದು ಪರೀಕ್ಷೆಯಲ್ಲಿ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಬ್ಯಾಚಿಗೆ ಬೆರೆಸಿ ನೋಡಿದಳು. ಮೂರು ವಾರ ತಣ್ಣನೆಯ ಕಪಾಟಿನಲ್ಲಿಟ್ಟರೂ ಒಂದು ಹರಳೂ ಹುಟ್ಟಲಿಲ್ಲ. ಎಣ್ಣೆ ಗಾಜಿನೊಳಗೆ ನಿಧಾನವಾಗಿ ಹೊರಳುತ್ತಿತ್ತು. ಅಷ್ಟು ಚೆಂದದ್ದನ್ನು ಅವಳು ಹಿಂದೆ ಮಾಡಿರಲಿಲ್ಲ. ಮಾರಾಟಕ್ಕೆ ಬಿಡಬಹುದೆಂಬ ಹಾಳೆಯ ಕೆಳಗೆ ಸಹಿ ಹಾಕಿದಳು.

ಪ್ರತಿ ಬ್ಯಾಚಿನ ಮೊದಲ ಕಾರ್ಟ್ರಿಜ್ ಹೋಗುತ್ತಿದ್ದುದು ಅವಳ ಪಕ್ಕದ ಮನೆಯ ಆರ್ವಿಲ್‌ಗೆ. ಮರದ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡವರು, ಅದಕ್ಕೂ ಮುಂಚೆ ಬೆಟ್ಟದ ಮೇಲೆ ಕದ್ದುಮುಚ್ಚಿ ಗಾಂಜಾ ಬೆಳೆದವರು. ಒಂದು ದಮ್ಮು ಎಳೆದರೆ ಗಿಡ ಬೆಟ್ಟದ ಯಾವ ಮಗ್ಗುಲಿನದು ಎಂದು ಹೇಳಬಲ್ಲರು.

"ಕಿತ್ತಳೆ ಸಿಪ್ಪೆ ಇದೆ, ಹಸಿ ಪೈನ್ ಮರದ ಅಂಟು ಇದೆ. ಭೇಷ್ ಹುಡುಗಿ!" ಎಂದರು ಆರ್ವಿಲ್. ಆಮೇಲೆ ನಾಲಿಗೆಯನ್ನು ಹಲ್ಲಿಗೆ ಉಜ್ಜಿದರು. "ಆದ್ರೆ ಕೊನೇಲಿ ಏನೋ ಜಿಡ್ಡು ನಿಲ್ಲತ್ತಲ್ಲ?"

"ಬೆಳಿಗ್ಗೆ ತಿಂದ ಬೇಕನ್ ಮಾಂಸದ ಜಿಡ್ಡಿರಬೇಕು, ಹೋಗಿ ಹಲ್ಲುಜ್ಜಿ," ಎಂದು ತಮಾಷೆ ಮಾಡಿ ಅವಳು ಆ ಮಾತನ್ನು ತೇಲಿಸಿಬಿಟ್ಟಳು.

ಇಪ್ಪತ್ತು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಆರ್ವಿಲ್ ತಮ್ಮ ಅಂಗಳದಲ್ಲಿ ಬೇಲಿ ಹಿಡಿದು ಬಾಗಿ ನಿಂತಿದ್ದರು. ಕೆಮ್ಮು ಬಂದರೆ ನಿಲ್ಲುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಮೊರೀನ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು.

ವೈದ್ಯೆ ಎದೆಯ ಎಕ್ಸ್‌ರೇ ತೋರಿಸಿದರು. ಎರಡೂ ಶ್ವಾಸಕೋಶಗಳ ಮೇಲೆ ಬೆಳ್ಳನೆಯ ಮಬ್ಬು. "ಸೋಂಕು ಅಲ್ಲ ಇದು. ಇವರು ಏನು ಸೇದ್ತಿದ್ರು? ಅದರಲ್ಲಿ ಏನೇನಿತ್ತು ಗೊತ್ತಾದ್ರೆ ನನಗೆ ದಾರಿ ಸಿಗತ್ತೆ."

"ಅದನ್ನ ನಾನೇ ಮಾಡಿದ್ದು," ಎಂದಳು ಮೊರೀನ್.

ವೈದ್ಯೆ ಪೆನ್ನು ಎತ್ತಿದರು. "ಒಳ್ಳೇದಾಯ್ತು. ಹೇಳಿ, ಏನು ಹಾಕಿದೀರಿ?"

ಮೊರೀನ್ ಬಾಯಿ ತೆರೆದಳು. ಹದಿನೇಳು ಬಗೆಯ ಪರಿಮಳಗಳ ಹೆಸರುಗಳು ಅವಳ ನಾಲಿಗೆಯ ತುದಿಯಲ್ಲಿದ್ದವು. ಹೇಳಬೇಕಾದ ಆ ಒಂದರ ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅವಳು ಪ್ರಯೋಗಶಾಲೆಗೆ ಬಂದಾಗ ಕರ್ಟಿಸ್ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ. ಅವಳು ಸಣ್ಣ ಶೀಶೆಗೆ ಕ್ಯಾನಿನ ದ್ರವ ಬಗ್ಗಿಸಿದ್ದನ್ನು ಕಂಡು ಎದ್ದು ಬಂದ.

"ಎಲ್ಲಿಗೆ ತಗೊಂಡು ಹೋಗ್ತಿದೀಯ ಅದನ್ನ?"

"ಆಸ್ಪತ್ರೆಗೆ. ಆರ್ವಿಲ್ ಉಸಿರಾಡೋಕೆ ಒದ್ದಾಡ್ತಿದಾರೆ."

ಕರ್ಟಿಸ್‌ನ ಮುಖ ಬಿಳುಚಿತು. ಆದರೂ ಬಾಗಿಲಿಗೆ ಅಡ್ಡ ನಿಂತ. "ಎಪ್ಪತ್ತೆರಡು ವರ್ಷದ ಮುದುಕ. ಜೀವನಪೂರ್ತಿ ಮರದ ಪುಡಿ ಕುಡಿದ ಶ್ವಾಸಕೋಶ. ಇದರಿಂದಲೇ ಆಗಿದ್ದು ಅಂತ ಹೇಗೆ ಹೇಳ್ತೀಯ?"

"ಇದರಿಂದ ಆಗಿಲ್ಲ ಅಂತ ನೀನು ಹೇಗೆ ಹೇಳ್ತೀಯ?"

"ಇಲ್ಲಿ ಹನ್ನೊಂದು ಜನ ಕೆಲಸ ಮಾಡ್ತಾರೆ ಮೊರೀನ್. ಮೀನಿನ ಕೆಲಸ ಹೋಯ್ತು, ಮರದ ಕೆಲಸ ಹೋಯ್ತು, ಈ ಊರಲ್ಲಿ ಉಳಿದಿರೋದು ಇದೊಂದು. ಲೈಸೆನ್ಸ್ ಹೋದ್ರೆ ಅವರೆಲ್ಲ ಎಲ್ಲಿಗೆ ಹೋಗ್ತಾರೆ? ಕದ್ದು ಬೆಳೆಯೋ ಕಾಲ ಮುಗೀಲಿ, ತಲೆ ಎತ್ತಿ ದುಡಿಯೋಣ ಅಂತ ನಾವಿಬ್ಬರೂ ಸೇರಿ ಕಟ್ಟಿದ್ದು ತಾನೆ ಇದು? ಇನ್ನೊಂದು ಮಾತು ನೆನಪಿರಲಿ. ಹಾಳೆ ಮೇಲಿರೋ ಸಹಿ ನಿಂದು, ನಂದಲ್ಲ."

"ಗೊತ್ತು. ಅದಕ್ಕೇ ಹೋಗ್ತಿದೀನಿ," ಎಂದಳು ಅವಳು. ಶೀಶೆಯ ಮುಚ್ಚಳ ಬಿಗಿದು ಜೇಬಿಗೆ ಇಳಿಸಿದಳು. "ದಾರಿ ಬಿಡು ಕರ್ಟಿಸ್. ತಳ್ಳಿಕೊಂಡು ಹೋಗೋ ಹಾಗೆ ಮಾಡಬೇಡ."

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ಮೂರನೆಯ ದಿನ ಫಲಿತಾಂಶ ಬಂತು. ಕ್ಯಾನಿನಲ್ಲಿದ್ದದ್ದು ಚರ್ಮಕ್ಕೆ ಹಚ್ಚುವ ಮುಲಾಮುಗಳಿಗೆ ಬಳಸುವ ಒಂದು ಎಣ್ಣೆ. ಮೈಗೆ ಸವರಿದರೆ ತೊಂದರೆ ಇಲ್ಲ, ಕಾದು ಹಬೆಯಾಗಿ ಎದೆಗಿಳಿದರೆ ಅಪಾಯ. ಏನೆಂದು ತಿಳಿದದ್ದರಿಂದ ವೈದ್ಯೆ ಚಿಕಿತ್ಸೆ ಬದಲಿಸಿದರು. ಆರ್ವಿಲ್ ಉಳಿದರು, ಆದರೆ ಮೂಗಿಗೆ ಆಮ್ಲಜನಕದ ನಳಿಕೆ ಬಂತು.

"ನಾನು ಜಿಡ್ಡು ಅಂದೆ, ನೀನು ಬೇಕನ್ ಅಂದೆ," ಎಂದರು ಅವರು ಹಾಸಿಗೆಯಲ್ಲಿ ಮಲಗಿ, ಉಸಿರನ್ನು ಬಿಡಿಸಿ ಬಿಡಿಸಿ. ಮೊರೀನ್ ತಲೆ ತಗ್ಗಿಸಿದಳು. ಅವರು ಸಮಾಧಾನ ಹೇಳಲಿಲ್ಲ. ಅವಳೂ ಅದನ್ನು ನಿರೀಕ್ಷಿಸಿರಲಿಲ್ಲ.

ಅದೇ ದಿನ, ಫಲಿತಾಂಶ ತಿಳಿದ ಕರ್ಟಿಸ್ ಟ್ರಕ್ಕು ತಂದು ಅವಳ ಮನೆಯ ಮುಂದೆ ನಿಲ್ಲಿಸಿದ. "ಹತ್ತು. ಎಲ್ಲಾ ಅಂಗಡಿಯಿಂದ ವಾಪಸ್ ತಗೊಂಡು ಬರೋಣ." ಹೆದ್ದಾರಿಗೆ ಬಂದ ಮೇಲೆ ದಾರಿ ನೋಡುತ್ತಲೇ ಹೇಳಿದ: "ರುಚಿ ಕೆಟ್ಟಿದೆ ಅಂತ ಹೇಳೋಣ. ಅಷ್ಟು ಸಾಕು."

"ಆಗಲೇ ಕೊಂಡುಕೊಂಡು ಹೋದವರಿಗೆ?"

ಅವನು ಟ್ರಕ್ಕಿನ ವೇಗ ಹೆಚ್ಚಿಸಿದ.

ಮೊದಲ ಎರಡು ಅಂಗಡಿಗಳಲ್ಲಿ ಅವನು ಹಾಗೆಯೇ ಹೇಳಿದ. ಮೊರೀನ್ ಸಹಿಸಿಕೊಂಡಳು. ಎರಡನೆಯದರಿಂದ ಹೊರಬಂದ ಮೇಲೆ, "ಮುಂದಿನ ಅಂಗಡೀಲಿ ನಾನು ಮಾತಾಡ್ತೀನಿ," ಎಂದಳು.

ಮುಂದಿನ ಊರು ಫಾರ್ಚುನಾದ ಅಂಗಡಿಯಲ್ಲಿ, ಹೈನಿನ ಕೆಲಸದ ರಬ್ಬರ್ ಬೂಟು ತೊಟ್ಟಿದ್ದ ಹೆಂಗಸೊಬ್ಬಳು ಕೌಂಟರಿಗೆ ಒರಗಿ ನಿಂತಿದ್ದಳು. ಮೊರೀನ್ ಬಾಯಿ ತೆರೆಯುವ ಮುಂಚೆಯೇ ಕರ್ಟಿಸ್ ತನ್ನ ಮಾತನ್ನು ಹೇಳಿಯಾಗಿತ್ತು. ಕಪಾಟಿನಿಂದ ಪೆಟ್ಟಿಗೆಗಳನ್ನು ಇಳಿಸುವುದನ್ನು ಕಂಡು ಆ ಹೆಂಗಸು ಜೇಬಿನಿಂದ ತನ್ನ ವೇಪನ್ನು ತೆಗೆದಳು. ಅದರಲ್ಲಿ ಅದೇ ಕಾರ್ಟ್ರಿಜ್ ಇತ್ತು.

"ರುಚಿ ಕೆಟ್ಟಿದೆಯಾ? ಯಾರ್ರೀ ಹೇಳಿದ್ದು? ನಾನು ಇಷ್ಟು ವರ್ಷದಲ್ಲಿ ಸೇದಿದ್ರಲ್ಲೇ ಇದು ಬೆಸ್ಟು. ಬೇರೆಯವು ಹಸು ಕೊಟ್ಟಿಗೆ ಚಳೀಲಿ ಕಲ್ಲಾಗ್ತವೆ, ಇದು ನೋಡಿ, ನೀರಿನ ಹಾಗಿದೆ." ಅವಳು ಅದನ್ನು ತುಟಿಗೆ ಒಯ್ದಳು.

ಮೊರೀನ್ ಮುಂದಕ್ಕೆ ಬಾಗಿದಳು. ಆದರೆ ಅವಳಿಗಿಂತ ಮೊದಲು ಕರ್ಟಿಸ್‌ನ ಕೈ ಚಾಚಿ ಹೆಂಗಸಿನ ಮಣಿಕಟ್ಟನ್ನು ಹಿಡಿದಿತ್ತು.

"ಏಯ್, ಕೈ ಬಿಡ್ರಿ! ಏನಾಗಿದೆ ನಿಮಗೆ?"

"ಸೇದಬೇಡಿ." ಅವನು ಕೈ ಬಿಟ್ಟ. "ರುಚಿ ಕೆಟ್ಟಿಲ್ಲ. ಸುಳ್ಳು ಹೇಳಿದೆ. ಹರಳು ಕಟ್ಟಬಾರದು ಅಂತ ಅದಕ್ಕೆ ಒಂದು ಎಣ್ಣೆ ಬೆರೆಸಿದ್ವಿ. ಅದು ಎದೆಗೆ ವಿಷ. ಏನು ಅಂತ ತಿಳ್ಕೊಳ್ಳದೇನೇ ತಂದವನು ನಾನು. ನಿಮಗೆ ಕೆಮ್ಮು ಇದೆಯಾ? ಉಸಿರು ಕಟ್ಟತ್ತಾ?"

ಹೆಂಗಸು ವೇಪನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು.

"ನನಗಿಲ್ಲ," ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ನನ್ನ ತಂಗಿಗೆ ಒಂದು ಕೊಟ್ಟಿದೀನಿ. ಅವಳು ಮೊನ್ನೆಯಿಂದ ಕೆಮ್ತಿದಾಳೆ. ನೆಗಡಿ ಅಂದ್ಕೊಂಡಿದ್ವಿ."

"ಫೋನ್ ಮಾಡಿ," ಎಂದ ಕರ್ಟಿಸ್. "ಈಗಲೇ ಮಾಡಿ. ಅವರ ಹತ್ರ ನಾನೇ ಮಾತಾಡ್ತೀನಿ."

ಹೆಂಗಸು ತಂಗಿಯ ನಂಬರು ಒತ್ತಿದಳು. ಮೊರೀನ್ ಅಂಗಡಿಯವನ ಕಡೆ ತಿರುಗಿ, ಈ ಕಾರ್ಟ್ರಿಜ್ ಕೊಂಡವರೆಲ್ಲರ ಹೆಸರು ಬೇಕು ಎಂದು ಕೇಳಿದಳು. ಕರ್ಟಿಸ್ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಆ ಕಡೆ ಫೋನು ರಿಂಗಾಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು. ಹೆಂಗಸು ಫೋನನ್ನು ಅವನತ್ತ ಚಾಚಿದಳು. ಅವನು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡ.

"ಅಮ್ಮಾ, ನನ್ನ ಹೆಸರು ಕರ್ಟಿಸ್ ವೇಲ್," ಎಂದ. "ನೀವು ಸೇದ್ತಿರೋದನ್ನ ಮಾಡಿದವನು ನಾನು."